ಕೋ-ಆಪರೇಟಿವ್ ನಡುವಿನ ಗೀಟು

ಬೆಳಿಗ್ಗೆ ಒಂಬತ್ತೂವರೆಗೆ ಹೊಲಿಗೆ ಸಂಘದ ಅಧ್ಯಕ್ಷರು ಠಾಣೆಗೆ ಬಂದು ದೂರು ಕೊಟ್ಟರು. ಸಂಘದ ಹಳೆಯ ಮರದ ಬೋರ್ಡು ಕಳುವಾಗಿತ್ತು. ವಿಚಿತ್ರವೆಂದರೆ, ಗೋಡೆಗೆ ಒರಗಿಸಿಟ್ಟಿದ್ದ ಹೊಸ ತಗಡಿನ ಬೋರ್ಡನ್ನು ಕಳ್ಳನೇ ಅದರ ಜಾಗದಲ್ಲಿ ನೆಟ್ಟಗೆ ಕೂರಿಸಿ ಹೋಗಿದ್ದ. ಇಂಥ ಕಳ್ಳ ತಮ್ಮ ಮನೆಗೂ ಒಮ್ಮೆ ಬರಲಿ ಎಂದುಕೊಳ್ಳುತ್ತಲೇ ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿದರು.

ಮೊದಲ ಅನುಮಾನ ನಿವೃತ್ತ ಇಂಗ್ಲಿಷ್ ಮೇಷ್ಟರ ಮೇಲೆ. ಹಳೆಯ ಬೋರ್ಡಿನ ಇಂಗ್ಲಿಷ್ ‘ಕೋ-ಆಪರೇಟಿವ್’ ನಡುವೆ ಗೀಟಿತ್ತು, ಹೊಸದರಲ್ಲಿ ಇರಲಿಲ್ಲ. ಆ ಗೀಟಿಗಾಗಿ ಅವರೂ ಅಧ್ಯಕ್ಷರೂ ಸಭೆಯಲ್ಲಿ ಜುಟ್ಟು ಹಿಡಿದುಕೊಳ್ಳುವುದೊಂದು ಬಾಕಿಯಿತ್ತು.

“ಜಗಳ ಆಡ್ತೀನಿ ಸಾರ್. ಏಣಿ ಹತ್ತೋ ಮಂಡಿ ನನಗೆಲ್ಲಿದೆ?” ಎಂದರು ಮೇಷ್ಟರು. ಮಾತು ನಿಜವಾಗಿತ್ತು.

ಸ್ಥಳ ಪಂಚನಾಮೆಯ ವೇಳೆ ಮುಖ್ಯ ಪೇದೆ ಹೊಸ ಬೋರ್ಡಿನ ಸ್ಕ್ರೂ ಒಂದನ್ನು ಬಿಚ್ಚಿ ಮೂಸಿದರು. ಸಾಬೂನಿನ ವಾಸನೆ. ಸಲೀಸಾಗಿ ಇಳಿಯಲೆಂದು ಸ್ಕ್ರೂಗೆ ಸಾಬೂನು ಸವರುತ್ತಿದ್ದುದು ಹಳೆಯ ಬೋರ್ಡು ಮಾಡಿದ ಬಡಗಿಯೇ ಎಂದು ಅಧ್ಯಕ್ಷರು ನೆನಪಿಸಿಕೊಂಡರು. ಆದರೆ ಆತನಿಗೆ ಕಣ್ಣು ಹೋಗಿತ್ತು, ಹಾಸಿಗೆ ಹಿಡಿದಿದ್ದ. ಚಿಕ್ಕಂದಿನಿಂದ ಅವನ ಕೈಗೆ ಸ್ಕ್ರೂ ಎತ್ತಿಕೊಡುತ್ತಿದ್ದ ಮಗಳು ಈಗ ಸಂಘದಲ್ಲೇ ಹೊಲಿಯುತ್ತಿದ್ದಳು.

ಅವಳು ಏನನ್ನೂ ಮುಚ್ಚಿಡಲಿಲ್ಲ.

“ಯಾಕಮ್ಮ ತಗೊಂಡೆ?” ಎಂದರು ಇನ್ಸ್‌ಪೆಕ್ಟರ್.

“ನಮಗೇ ಕೊಡಿ ಅಂತ ಕೇಳ್ದೆ ಸಾರ್. ಸೌದೆಗೆ ಹರಾಜು ಹಾಕೋದು ಅಂತ ತೀರ್ಮಾನ ಆಗಿದೆ ಅಂದ್ರು.”

“ಹೊಸದನ್ನ ಯಾಕೆ ಹಾಕ್ದೆ?”

“ಅನ್ನ ಕೊಟ್ಟ ಸಂಘ. ಹೆಸರಿಲ್ಲದೆ ನಿಲ್ಲಬಾರದು ಅನ್ನಿಸ್ತು.”

ಅಪ್ಪನಿಗೆ ಇಂಗ್ಲಿಷ್ ಬಾರದು ಎಂದಳು. ಮೇಷ್ಟರು ಬರೆದುಕೊಟ್ಟಂತೆ ಅಕ್ಷರ ಕೊರೆದು ಕೂರಿಸಿದ್ದ. ಗೀಟಿಗೆ ಮಾತ್ರ, ಸಂಘದ ಮೊದಲ ಸದಸ್ಯೆಯಾಗಿದ್ದ ಹೆಂಡತಿಯ ಮುರಿದ ಮರದ ಸ್ಕೇಲಿನ ತುಂಡು ಹಾಕಿದ್ದ. ಅಮ್ಮ ತೀರಿಕೊಂಡ ಮೇಲೆ ಅವಳ ಕೈ ಸವೆಸಿದ ವಸ್ತುವೆಂದು ಉಳಿದಿದ್ದು ಅದೊಂದೇ.

ಹನ್ನೆರಡೂಕಾಲಿಗೆ ಅವಳ ಬಂಧನವಾಯಿತು. ಮಾಲು ಜಪ್ತಿಗೆ ಅಧ್ಯಕ್ಷರೂ ಸೇರಿ ಎಲ್ಲರೂ ಅವಳ ಮನೆಗೆ ಹೋದರು. ಬಡಗಿ ಬೋರ್ಡನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗಿದ್ದ. ಬೆರಳು ಗೀಟಿನ ಮೇಲಿತ್ತು. ಬೂಟಿನ ಸದ್ದು ಕೇಳಿ, ಸಂಘದವರೆಂದು ತಿಳಿದು ಕೈ ಜೋಡಿಸಿದ.

“ನನ್ನ ಹೆಂಡ್ತಿಗೆ ಕೆಲಸ ಕೊಟ್ರಿ, ಮಗಳಿಗೂ ಕೊಟ್ರಿ. ಈಗ ಇದನ್ನೂ ಕಳಿಸಿಕೊಟ್ರಿ. ನಿಮ್ಮ ಋಣ ಹೆಂಗೆ ತೀರಿಸ್ಲಿ?”

ಮಗಳು ತಲೆ ತಗ್ಗಿಸಿದಳು. ಬೋರ್ಡು ಎತ್ತಲು ಬಗ್ಗಿದ್ದ ಪೇದೆ ಬಗ್ಗಿದಂತೆಯೇ ನಿಂತರು.

ಅಧ್ಯಕ್ಷರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು.

“ಹೌದಪ್ಪ, ನಾವೇ ಕಳಿಸಿದ್ದು. ಇಟ್ಕೋ.”

ಮಗಳು ಅವರಿಗೆ ಕೈಮುಗಿದಳು. ಇನ್ಸ್‌ಪೆಕ್ಟರ್ ಆ ಮಾತನ್ನು, ಬೋರ್ಡು ಕಳುವಾಗಿಲ್ಲವೆಂಬ ದೂರುದಾರರ ಮರುಹೇಳಿಕೆಯೆಂದು ಬರೆದುಕೊಂಡು, ಕೆಳಗೆ ಸಹಿ ಹಾಕಿಸಿಕೊಂಡರು.