ಒಲೆಯ ಮೇಲಿಲ್ಲದ ಕೆಟಲ್

ಒಯ್ದಿನ್ ಬೋಗುಣಿಯ ತಳಕ್ಕೆ ಹಳೆಯ ಟವಲ್ ಹಾಸಿ, ಅದರ ಮೇಲಿಟ್ಟು ಚಹಾ ಬಟ್ಟಲುಗಳನ್ನು ಒಂದೊಂದಾಗಿ ತೊಳೆಯುತ್ತಿದ್ದಳು. ಒಂದಕ್ಕೊಂದು ತಾಗಿ ಟಣ್ ಎನ್ನಬಾರದು. ನೀರನ್ನೂ ಸಣ್ಣಗೆ ಬಿಟ್ಟುಕೊಂಡಿದ್ದಳು. ಮದುವೆಯಾಗಿ ರೇಷ್ಮೆಯ ಊರು ಮರ್ಗಿಲಾನಿನ ಈ ಮನೆಗೆ ಬಂದ ಮೇಲೆ ಕಲಿತ ಪಾಠವಿದು. ಇಲ್ಲಿ ಸದ್ದಾದರೂ ತಪ್ಪು, ಆಗದಿದ್ದರೂ ತಪ್ಪು.

"ಏ ಒಯ್ದಿನ್! ಕೆಟಲ್ ಕೂಗ್ತಾ ಇದೆ, ಇಳಿಸೇ!"

ಅಂಗಳದ ದ್ರಾಕ್ಷಿ ಚಪ್ಪರದಡಿ ಕೂತಿದ್ದ ಅತ್ತೆ ರಿಸೊಲತ್ ಕಿರುಚಿದಳು. ಒಯ್ದಿನ್ ತಣ್ಣಗಿದ್ದ ಖಾಲಿ ಕೆಟಲನ್ನು ತಂದು ತೋರಿಸಿದಳು.

"ನಾನು ನೋಡೋ ಹೊತ್ತಿಗೆ ಇಳಿಸಿ, ತಣ್ಣೀರು ಸುರಿದು ತರ್ತೀಯ. ನನ್ನೇನು ಹುಚ್ಚಿ ಅಂದ್ಕೊಂಡ್ಯಾ?"

"ಇಲ್ಲ ಅತ್ತೆ, ಒಲೆನೇ ಹಚ್ಚಿಲ್ಲ..." ಎಂದಳು ಒಯ್ದಿನ್, ನೆಲ ನೋಡುತ್ತಾ.

"ಏನು ಗೊಣಗ್ತೀಯ? ಬಾಯಿ ಬಿಟ್ಟು ಬೈಯೋ ಧೈರ್ಯ ಇಲ್ವಾ?"

ಬಾಯಿ ಬಿಡುವುದು ಹೇಗೆ? ಸೊಸೆಯ ಮಾತು ಹೊಸಿಲು ದಾಟಬಾರದೆಂದು ತಾಯಿ ಅವಳನ್ನು ಬೆಳೆಸಿದ್ದಳು. ಹೆಣ್ಣು ನೋಡಲು ಬಂದ ದಿನ ಇದೇ ರಿಸೊಲತ್ ಅವಳ ಮೆಲುದನಿಯನ್ನು ಹೊಗಳಿ ಹಣೆಗೆ ಮುತ್ತಿಟ್ಟಿದ್ದಳು!

ಅತ್ತೆ ಬೇಕೆಂದೇ ಆಟವಾಡುತ್ತಿದ್ದಾಳೆಂಬ ಗುಮಾನಿ ಒಯ್ದಿನ್‌ಗಿತ್ತು. ಒಂದು ದಿನ ಕೈತೊಳೆಯುವ ಜಾಗದ ಕನ್ನಡಿಯ ಮುಂದೆ ನಿಂತು "ಸಾಕಾಯ್ತು ಈ ಮನೆ" ಎಂದು ತುಟಿಯಲ್ಲೇ ಅಂದಿದ್ದಳು. ಅಷ್ಟು ದೂರದಲ್ಲಿ, ಬೆನ್ನ ಹಿಂದೆ ಕೂತಿದ್ದವಳು, "ಸಾಕಾದ್ರೆ ಬಾಗಿಲು ತೆರೆದೇ ಇದೆ" ಎಂದುಬಿಟ್ಟಳು. ಬೇಕಾದಾಗ ಕೇಳುವ ಕಿವಿ ಬೇಡವಾದಾಗ ಹೇಗೆ ಕೆಡುತ್ತದೆ?

ಕೆಟಲ್ ಜಗಳದ ಆ ರಾತ್ರಿ ಗಂಡ ಇಲ್ಹೋಮ್ ತಲೆ ಎತ್ತದೆ ಹೇಳಿದ: "ಇನ್ನೊಂದ್ಸಲ ಕೆಟಲ್ ಜಗಳ ಆದ್ರೆ ನಿನ್ನ ತವರಿಗೆ ಬಿಟ್ಟು ಬರ್ತೀನಿ. ಅಮ್ಮ ಸುಳ್ಳು ಹೇಳಲ್ಲ." ಹಾಗೆ ಹೋದ ಸೊಸೆಯರು ಆ ಬೀದಿಗೆ ಮರಳಿದ್ದನ್ನು ಯಾರೂ ಕಂಡಿರಲಿಲ್ಲ.

ಆ ವಾರವೇ ತಾಷ್ಕೆಂಟಿನಿಂದ ಸಂಶೋಧಕರು ಬಂದರು. ರೇಷ್ಮೆ ಕಾರ್ಖಾನೆಯ ಮಗ್ಗಗಳ ಗದ್ದಲದಲ್ಲಿ ದುಡಿದ ಹೆಂಗಸರ ಕಿವಿ, ಮಿದುಳು ಹೇಗಿವೆಯೆಂದು ನೋಡುತ್ತಾ ಮನೆಮನೆ ತಿರುಗುತ್ತಿದ್ದರು. ರಿಸೊಲತ್ ಅಲ್ಲೇ ತಲೆ ನೆರೆಸಿಕೊಂಡವಳು.

"ಮಿದುಳು ನೋಡ್ತಾರಂತೆ! ಯಾರು ಕರೆಸಿದ್ದು ಇವರನ್ನ? ನೀನೇ ಅಲ್ವಾ?" ಎಂದು ಸೊಸೆಯನ್ನು ಸುಡುವಂತೆ ನೋಡಿದಳು. ಆದರೆ ಇಲ್ಲವೆನ್ನುವಂತಿರಲಿಲ್ಲ. ರೊಟ್ಟಿ ಮುರಿದು ಮಗಳು ನಾಫಿಸಾಳ ನಿಶ್ಚಯ ಗಟ್ಟಿ ಮಾಡಲು ಅಂದೇ ಬೀಗಿತ್ತಿ ಬಂದು ಕೂತಿದ್ದಳು. ಅವಳೂ ಮಗ್ಗದವಳೇ, ಪರೀಕ್ಷೆ ಮುಗಿಸಿಕೊಂಡೇ ಬಂದಿದ್ದಳು. "ಮಾಡಿಸ್ಕೊಳ್ಳಿ, ಹೆದರ್ತೀರಾ?" ಎಂದು ನಕ್ಕಳು.

ಮುಅತ್ತರ್ ಎಂಬ ಸಂಶೋಧಕಿ ರಿಸೊಲತ್‌ಳ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟು, ಸದ್ದು ಕೇಳಿದಾಗ ಒತ್ತಲು ಹೇಳಿ ಹಿಂದೆ ಕೂತಳು. ಚಹಾ ಹಿಡಿದು ಮೂಲೆಯಲ್ಲಿ ನಿಂತ ಒಯ್ದಿನ್‌ಗೆ ಅತ್ತೆಯ ಕಣ್ಣು ಎಲ್ಲಿದೆಯೆಂದು ಕಂಡಿತು. ಎದುರಿನ ಪಿಂಗಾಣಿ ಬೀರುವಿನ ಗಾಜಿನಲ್ಲಿ! ಅಲ್ಲಿ ಮುಅತ್ತರ್‌ಳ ಬೆರಳು ಯಂತ್ರದ ಮೇಲೆ ಅಲುಗಿದಾಗಲೆಲ್ಲ ಇಲ್ಲಿ ಅತ್ತೆ ಗುಂಡಿ ಒತ್ತುತ್ತಿದ್ದಳು.

ಅತ್ತೆಗೆ ಕೇಳಿಸುವುದೇ ಇಲ್ಲ... ಅಂದು ಕನ್ನಡಿಯಲ್ಲಿ ಓದಿದ್ದು ತುಟಿಯನ್ನು!

"ಮಗ್ಗದ ಗದ್ದಲದಲ್ಲಿ ದುಡಿದೂ ಹರೆಯದ ಹುಡುಗಿಯ ಕಿವಿ ಇದ್ದ ಹಾಗಿದೆ," ಎಂದ ಮುಅತ್ತರ್‌ಳ ಹುಬ್ಬು ಗಂಟಿಕ್ಕಿತು. ಎದ್ದು ಎದುರಿಗೆ ಬಂದಳು. "ಅಮ್ಮ, ಕಿವಿ ಮಂದವಾದವರಿಗೆ ಇಲ್ಲದ ಸದ್ದನ್ನ ಮಿದುಳೇ ಕೇಳಿಸುತ್ತೆ. ಶಿಳ್ಳೆ, ಕೆಟಲ್ ಕೂಗಿದ ಹಾಗೆ. ಅದು ಹುಚ್ಚಲ್ಲ. ನಿಮಗೇನಾದ್ರೂ..."

"ಕೆಟಲ್ಲಾ?" ಬೀಗಿತ್ತಿ ಬಟ್ಟಲು ಕೆಳಗಿಟ್ಟಳು. "ಈ ಮನೆ ಕೆಟಲ್ ಜಗಳ ಬೀದಿಗೆಲ್ಲ ಕೇಳುತ್ತಲ್ಲ! ತಲೆಯ ರೋಗ ಏನಾದ್ರೂ ಇದ್ರೆ ಈಗಲೇ ಹೇಳಿಬಿಡಿ ಬೀಗರೇ. ಅದು ಮಕ್ಕಳಿಗೂ ಬರುತ್ತಂತೆ."

"ಹಾಗೆ ಬರಲ್ಲ..." ಎಂದಳು ಮುಅತ್ತರ್. ಯಾರು ಕೇಳುತ್ತಾರೆ? ನಾಫಿಸಾ ಬಾಗಿಲಿಗೊರಗಿ ಬಿಳಿಚಿಕೊಂಡಳು. ಗಾಜಿನಲ್ಲಿ ಅತ್ತೆಯ ಕಣ್ಣು ಸೊಸೆಯ ಕಣ್ಣಿಗೆ ಸಿಕ್ಕಿತು. ಬೇಟೆಗಾರನ ಎದುರು ನಿಂತ ಮುದಿ ಮೊಲದ ಕಣ್ಣು!

ಇಲ್ಲದ ಕೆಟಲ್ ಅತ್ತೆಗೆ ಕೇಳುತ್ತದೆಂಬ ಒಂದೇ ಮಾತು ಸಾಕಿತ್ತು. ಒಯ್ದಿನ್ ನಿರಪರಾಧಿಯಾಗುತ್ತಿದ್ದಳು... ನಾಫಿಸಾಳ ರೊಟ್ಟಿ ಮುರಿಯದೇ ಉಳಿಯುತ್ತಿತ್ತು.

"ರೋಗ ಅಲ್ಲ," ಎಂದಳು ಒಯ್ದಿನ್. "ಕೆಟಲ್ ನಾನೇ ಇಡ್ತಿದ್ದೆ. ಅತ್ತೆನ ಕಾಡ್ಸೋಕೆ."

"ಅಬ್ಬಾ, ನೋಡೋಕೆ ಎಷ್ಟು ಸಾಧು!" ಎಂದು ಬೀಗಿತ್ತಿ ಮೂಗಿನ ಮೇಲೆ ಬೆರಳಿಟ್ಟು, ನಿರಾಳವಾಗಿ ರೊಟ್ಟಿ ಮುರಿದಳು. ಮುಅತ್ತರ್ ಹೊರಡುವಾಗ ಒಯ್ದಿನ್‌ಳ ಭುಜ ಹಿಡಿದು, "ನೀವು ಹೇಳಿದ್ದು ಸುಳ್ಳು ಅಲ್ವಾ?" ಎಂದು ಪಿಸುಗುಟ್ಟಿದಳು. ಒಯ್ದಿನ್ ಅವಳ ಚಪ್ಪಲಿಯನ್ನು ಸರಿಮಾಡಿಟ್ಟು ತಲೆ ತಗ್ಗಿಸಿದಳು.

ಸಂಜೆ ವಿಷಯ ತಿಳಿದ ಇಲ್ಹೋಮ್ ಅವಳ ಪೆಟ್ಟಿಗೆಯನ್ನು ಕಾರಿಗೆ ಹಾಕಿದ. ಅತ್ತೆಯಾದರೂ ಈಗ ತಡೆಯುತ್ತಾಳೆ, ಸತ್ಯ ಬಲ್ಲವಳು ಅವಳೊಬ್ಬಳೇ ಎಂದು ಒಯ್ದಿನ್ ಕಾದಳು. ಅಥವಾ... ಎಲ್ಲ ಕಂಡ ಸೊಸೆ ಮನೆಯಲ್ಲಿರುವುದೇ ಆಕೆಗೆ ಬೇಡವೇ?

ರಿಸೊಲತ್ ಚಪ್ಪರದಡಿ ಚಹಾವನ್ನು ಬಟ್ಟಲಿಗೆ ಸುರಿದು, ಹದ ಬರಲೆಂದು ತಿರುಗಿ ಚಹಾ ಕುಡಿಕೆಗೆ ಹಾಕುತ್ತಾ ಕೂತಿದ್ದಳು. ಒಯ್ದಿನ್ ಅವಳ ಎದುರಿಗೆ, ಮುಖ ಕಾಣುವಂತೆ ಮಂಡಿಯೂರಿದಳು. ಮುದುಕಿಯ ನೋಟ ಸೊಸೆಯ ತುಟಿಯ ಮೇಲೆ ನಿಂತಿತು. ಒಯ್ದಿನ್ ಉಸಿರೆಳೆದುಕೊಂಡಳು. ಅಷ್ಟರಲ್ಲಿ ರಿಸೊಲತ್ ಮೆಲ್ಲಗೆ ಕಣ್ಣು ಮುಚ್ಚಿಕೊಂಡಳು.

ಆ ಮನೆಗೆ ಬಂದ ಮೇಲೆ ಮೊದಲ ಸಲ ಒಯ್ದಿನ್ ದನಿ ಎತ್ತಿದಳು. ಬೀದಿಯವರೆಗೂ ಕೇಳುವಂತೆ.

"ಅತ್ತೆ... ನನ್ನ ಕಳಿಸ್ಬೇಡಿ."