ಬಾತುಕೋಳಿ ಪುಸ್ತಕದ ಅಂಚಿನಲ್ಲಿ

“ಇದು ಯಾರ ಕೈಚಳಕ?”

ಬಾಡಿಗೆ ಪುಸ್ತಕದ ಅಂಗಡಿಯ ದೋ ನ್ಯೋ ‘ಬಾತುಕೋಳಿ ಸಾಕಣೆ’ಯನ್ನು ಮೇಜಿನ ಮೇಲೆ ಕುಕ್ಕಿದರು. ಪುಟದ ಅಂಚಿನಲ್ಲಿ ಪೆನ್ಸಿಲ್ ಬರಹ:

‘ಬಾತು ಇಟ್ಟದ್ದು ಒಂದು ಮೊಟ್ಟೆ, ಮಾತು ನೂರು ಪುಟ, ಕೂತು ಓದಿದವರಿಗೆ ಕಾವು.’

ಎದುರು ನಿಂತಿದ್ದ ಶಾಲಾ ಹುಡುಗಿ ಥಂದಾಗೆ ನಗು ಬಂತು. ಅದೇ ತಪ್ಪಾಯಿತು.

“ನಗ್ತೀಯಾ? ದೆವ್ವದ ಪುಸ್ತಕದಲ್ಲೂ ಬರ್ದಿದ್ದೀಯ, ಲವ್ ಸ್ಟೋರೀಲೂ ಬರ್ದಿದ್ದೀಯ!”

“ನಾನಲ್ಲ ದೊಡ್ಡಮ್ಮ.”

“ನೀನಲ್ದೆ ನಿಮ್ಮಜ್ಜನಾ? ದೆವ್ವ ಓದೋರು ದೆವ್ವ ಓದ್ತಾರೆ. ಲವ್ ಓದೋರು ಲವ್ ಓದ್ತಾರೆ. ದೆವ್ವ, ಲವ್, ಬಾತುಕೋಳಿ ಮೂರನ್ನೂ ನುಂಗೋ ಹೊಟ್ಟೆಬಾಕಿ ಈ ಊರಲ್ಲಿ ಇನ್ಯಾರಿದ್ದಾರೆ?”

ವಾದ ಗಟ್ಟಿಯಾಗಿಯೇ ಇತ್ತು. ಹೋದ ವಾರ ಥಂದಾ ಒಯ್ದದ್ದು ಒಂದು ಪತ್ತೇದಾರಿ, ಬುದ್ಧನ ಹಿಂದಿನ ಜನ್ಮಗಳ ಕತೆ, ಕೈ ನೋಡಿ ಭವಿಷ್ಯ ಹೇಳುವ ಪುಸ್ತಕ ಮತ್ತು ಮೋಟಾರ್ ಸೈಕಲ್ ರಿಪೇರಿ. ಮನೆಯಲ್ಲಿ ಮೋಟಾರ್ ಸೈಕಲ್ ಇರಲಿಲ್ಲ. ಓದುವುದಕ್ಕೆ ಅದೂ ಬೇಕೆ?

“ಬರ್ದೋರನ್ನ ತೋರ್ಸು. ಅಲ್ಲೀವರೆಗೆ ನಿಂಗೆ ಒಂದು ಪುಸ್ತಕವೂ ಇಲ್ಲ.”

ಊರಿನಲ್ಲಿ ಬೇರೆ ಪುಸ್ತಕದಂಗಡಿ ಇರಲಿಲ್ಲ. ಶಾಲೆಯಲ್ಲಿ ಲೈಬ್ರರಿ ಇತ್ತು, ಒಂದು ಬೀರು. ಪುಸ್ತಕ ಹಾಳಾಗಬಾರದೆಂದು ಅದಕ್ಕೆ ಸದಾ ಬೀಗ. ಹಾಗಾಗಿ ಇದುವರೆಗೆ ಒಂದೂ ಹಾಳಾಗಿರಲಿಲ್ಲ.

ಮೂರು ದಿನ ಥಂದಾ ಸೋಪಿನ ಕಾಗದ, ಔಷಧದ ಚೀಟಿ, ಅಜ್ಜನ ಹಳೆಯ ಪಂಚಾಂಗ ಓದಿದಳು. ಪಂಚಾಂಗದ ಪ್ರಕಾರ ಅವಳಿಗೆ ಅದು ಬಲು ಶುಭವಾರ.

ನಾಲ್ಕನೆಯ ದಿನ ಗಣಿತದ ಪೀರಿಯಡ್. ಕ್ಲಾಸ್ ಟೀಚರ್ ಯಿನ್ ಮೇ, ಊರಿಗೆಲ್ಲ ‘ಸಯಾಮ’ ಅಂದರೆ ಟೀಚರಮ್ಮ, ಮಂಡಾಲೆಯಿಂದ ವರ್ಗವಾಗಿ ಬಂದವರು. ಪಠ್ಯಪುಸ್ತಕ ಬಿಟ್ಟು ಮಿಕ್ಕಿದ್ದೆಲ್ಲ ಕಡಲೆಕಾಯಿ ಸಿಪ್ಪೆ ಎನ್ನುವವರು. ಅಂದು ಝೋ ಎಂಬ ಹುಡುಗ ಪಕ್ಕದವನ ಲೆಕ್ಕ ಕದ್ದು ನೋಡಿದ.

“ಲೆಕ್ಕ ತಪ್ಪಿದ್ದು ಒಂದು, ಪಕ್ಕ ನೋಡಿದ್ದು ಎರಡು, ಸಿಕ್ಕಿಬಿದ್ದದ್ದು ಮೂರು!” ಎಂದರು ಸಯಾಮ.

ಕ್ಲಾಸೆಲ್ಲ ನಕ್ಕಿತು. ಥಂದಾ ನಗಲಿಲ್ಲ. ಅವಳ ಬೆರಳು ಡೆಸ್ಕಿನ ಮೇಲೆ ಮೆಲ್ಲಗೆ ತಾಳ ಹಾಕಿತು. ಲೆಕ್ಕ, ಪಕ್ಕ, ಸಿಕ್ಕಿ. ಬಾತು, ಮಾತು, ಕೂತು.

ಅದೇ ನಡಿಗೆ!

ಸಂಜೆ ಅಂಗಡಿಗೆ ಓಡಿದಳು. ಒಳಗೆ ಸಯಾಮ ಯಿನ್ ಮೇ ಆಗಲೇ ನಿಂತಿದ್ದರು. ಕೈಯಲ್ಲಿ ‘ಸ್ಮಶಾನದ ಸೊಸೆ’, ಎರಡನೇ ಭಾಗ.

“ಅಮ್ಮನಿಗೇನಾ ಸಯಾಮ? ಈ ವಯಸ್ಸಲ್ಲೂ ಎಷ್ಟು ಓದ್ತಾರೆ, ಪುಣ್ಯಾತ್ಗಿತ್ತಿ!” ಎಂದರು ದೋ ನ್ಯೋ. ಆಮೇಲೆ ಥಂದಾಳನ್ನು ನೋಡಿ ದನಿ ಬದಲಾಯಿತು. “ಏನಮ್ಮ, ಕಳ್ಳರು ಸಿಕ್ಕಿದ್ರಾ?”

ಥಂದಾ ಸಯಾಮರ ಕಡೆ ನೋಡಿದಳು. ಸಯಾಮ ಕೈಯಲ್ಲಿದ್ದ ‘ಸ್ಮಶಾನ’ದ ಕಡೆ ನೋಡಿದರು. ಅವರ ಕಿವಿ ಕೆಂಪಾಗಿತ್ತು. ಲೆಕ್ಕ ಕದ್ದು ನೋಡಿ ಸಿಕ್ಕಿಬಿದ್ದ ಝೋನ ಕಿವಿಯಷ್ಟೇ ಕೆಂಪು.

ಹೇಳುವುದಕ್ಕೆ ಒಂದು ಹೆಸರು ಸಾಕಿತ್ತು.

“ಗೊತ್ತು ದೊಡ್ಡಮ್ಮ. ಆದ್ರೆ ಹೇಳಲ್ಲ.”

“ಹಾಗಾದ್ರೆ ನಡಿ ಮನೆಗೆ!”

ಥಂದಾ ಹೊಸ್ತಿಲು ದಾಟಿದಳು. ಚಪ್ಪಲಿ ಮೆಟ್ಟುವಾಗ ಕಣ್ಣಿಗೆ ಏನೂ ಸರಿಯಾಗಿ ಕಾಣಲಿಲ್ಲ.

“ನಿಲ್ಲು,” ಎಂದಿತು ಹಿಂದಿನಿಂದ ಒಂದು ದನಿ. “ದೋ ನ್ಯೋ, ನಮ್ಮಮ್ಮ ಹಳ್ಳೀಲಿದ್ದಾರೆ. ಅವರಿಗೆ ಓದೋಕೆ ಬರಲ್ಲ.”

“ಮತ್ತೆ ಇಷ್ಟೆಲ್ಲ ಪುಸ್ತಕ?”

“ನಾನೇ ಓದಿದ್ದು. ಬಾತುಕೋಳೀದೂ ನಾನೇ. ಅಮ್ಮನಿಗೆ ಬರೋದು ಬಾಯಿಪಾಠದ ಪದ್ಯ ಮಾತ್ರ. ಅದನ್ನ ಕೇಳಿ ಕೇಳಿ ಈ ಪ್ರಾಸದ ಚಟ ಹತ್ಕೊಂಡಿತು. ಎಲ್ಲಾ ಅಳಿಸ್ಕೊಡ್ತೀನಿ.”

ದೋ ನ್ಯೋ ಥಂದಾಳ ಕಡೆ ಕೈಬೀಸಿ, “ಬಾರೇ ಒಳಗೆ. ಏನು ಬೇಕೋ ತಗೋ,” ಎಂದು ಗೊಣಗಿದರು.

ಸಯಾಮ ಕೆಮ್ಮಿ ಕೈಯಲ್ಲಿದ್ದ ಪುಸ್ತಕ ತೋರಿಸಿದರು. “ಥಂದಾ, ಇದು ಹೇಗಿದೆ?”

“ಮೊದಲ್ನೇ ಭಾಗಕ್ಕಿಂತ ಕೆಟ್ಟದಾಗಿದೆ ಸಯಾಮ.”

“ಹೌದಾ? ಹಾಗಾದ್ರೆ ಬೇಕೇ ಬೇಕು.”

ಅಭ್ಯಾಸದಂತೆ ದೋ ನ್ಯೋ ಪುಸ್ತಕ ಸುತ್ತಲು ನ್ಯೂಸ್‌ಪೇಪರ್ ಎಳೆದರು. ಸಯಾಮ ಅದನ್ನು ಪಕ್ಕಕ್ಕೆ ಸರಿಸಿ, “ಬೇಡ,” ಎಂದರು.

ಮುಖಪುಟದ ಕೋರೆಹಲ್ಲಿನ ಸೊಸೆ ಹೊರಗೆ ಕಾಣುವಂತೆ ಪುಸ್ತಕವನ್ನು ಎದೆಗೊತ್ತಿಕೊಂಡು ಅವರು ಮಾರ್ಕೆಟ್ ಬೀದಿಗೆ ಇಳಿದರು. ಥಂದಾ ತನ್ನ ಪುಸ್ತಕ ಆರಿಸುವುದನ್ನು ಬಿಟ್ಟು ಓಡಿಹೋಗಿ ಅವರ ಪಕ್ಕ ನಡೆದಳು, ಬೀದಿಯ ತುದಿಯವರೆಗೂ.