ಹೇಮಳಿಗೆ ಬಾರದ ಕಾಮಾಲೆ

“ನಂಗ್ ಯಾವಾಗ ಬಂದಿತ್ತೋ ಕಾಮಾಲೆ?”

ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಹೇಮ ಕೇಳಿದ ರೀತಿಗೆ ಹೂ ಮಾರುವವಳೂ ತಿರುಗಿ ನೋಡಿದಳು. ತಿಮ್ಮೇಶ ಮಾತ್ರ ತಲೆ ಎತ್ತಲಿಲ್ಲ. ಇಲ್ಲಿನ ಕಾಲೇಜಿನಲ್ಲಿ ಒಂದೇ ಕ್ಲಾಸು, ಊರು ಸಿಂಧಘಟ್ಟದಿಂದ ಒಂದೇ ಬಸ್ಸು. ದಿನಾ ಕದ್ದು ಕದ್ದು ನೋಡುವವನಿಗೆ ಇವತ್ತು ನೇರವಾಗಿ ನೋಡುವ ದಮ್ಮಿಲ್ಲ!

ಮೈಸೂರಿನಲ್ಲಿ ಎಂಎಸ್ಸಿ ಓದಲು ಅವಳು ಅರ್ಜಿ ಹಾಕಿದ್ದು ಅವನ ಫೋನಿನಿಂದ. ಹಾಕಿದ ಮೇಲೆ ಅಮ್ಮ ಲಕ್ಷ್ಮಿದೇವಮ್ಮ ಕೊಟ್ಟಿಗೆಯಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಹಸು ಗೌರಿಯೋ ಅಮ್ಮನಿಗಲ್ಲದೆ ಯಾರಿಗೂ ಹಾಲು ಬಿಡುವವಳಲ್ಲ. ಅಮ್ಮನ ಹಳೇ ಹಸಿರು ಸೀರೆ ಉಟ್ಟು ಕೂತರೆ ಮಾತ್ರ, ಆ ವಾಸನೆಗೆ ಒದೆಯದೆ ನಿಲ್ಲುತ್ತಾಳೆ. ಹಾಗೆ ಸೀರೆ ಉಟ್ಟು ಹಾಲು ಕರೆದು, ಡೇರಿಗೆ ಹಾಕಿ, ಅಡುಗೆ ಮಾಡುತ್ತಾ ಹೇಮ ಎರಡು ತಿಂಗಳು ಕಾಲೇಜಿನ ಮುಖ ನೋಡಲಿಲ್ಲ. ಮಾರ್ಕ್ಸು ಬಿದ್ದುಹೋಯಿತು.

ಓದು ನಿಂತ ಕಾರಣ ತಿಳಿಸಿದರೆ ಯೂನಿವರ್ಸಿಟಿಯವರು ವಿಚಾರ ಮಾಡುತ್ತಾರೆಂದು ಯಾರೋ ಹೇಳಿದ್ದೇ ತಡ, ತಿಮ್ಮೇಶ ಅವಳನ್ನು ಒಂದು ಮಾತೂ ಕೇಳದೆ ಕಾಮಾಲೆಯಾಗಿತ್ತು ಎಂದು ಬರೆದುಬಿಟ್ಟಿದ್ದ. ಈಗ ಅವರು ಡಾಕ್ಟರ್ ಸರ್ಟಿಫಿಕೇಟ್ ಕೇಳಿದ್ದರು. ಕೊಡದಿದ್ದರೆ ಸೀಟಿಲ್ಲ.

“ಹಸು ಅಂತ ಬರುದ್ರೆ ನಗ್ತಾರೆ ಅಂದ್ಕಂಡೆ.”

“ನಗ್ಲಿ! ಅವ್ರೇನ್ ಹಾಲ್ ಕುಡೀದೇ ಬೆಳ್ದವ್ರಾ? ನಾನೇನ್ ಕಳ್ತನ ಮಾಡಕ್ಕೋಗಿದ್ನಾ? ನನ್ ಕಷ್ಟ ಯೋಳಕ್ಕೆ ನಿಂಗ್ಯಾಕೋ ನಾಚ್ಕೆ?”

“ನಿಂಗ್ ಸೀಟು ಸಿಗ್ಲಿ ಅಂತ...”

“ಸುಳ್ಳಿನ ಸೀಟು ನಂಗ್ ಬ್ಯಾಡ. ತಗಿ ಫೋನು. ನಾನ್ ಯೋಳ್ದಂಗೆ ಬರಿ.”

ಅಮ್ಮನ ಕೈ, ಗೌರಿ, ಸೀರೆ, ತಪ್ಪಿದ ಕ್ಲಾಸು, ಎಲ್ಲವನ್ನೂ ಬರೆಸಿದಳು. ಮೊದಲಿನ ಸುಳ್ಳು ತನ್ನದು, ಅವಳಿಗೆ ಗೊತ್ತೇ ಇರಲಿಲ್ಲ ಎಂದು ಅವನ ಹೆಸರಿನಲ್ಲೇ ಒಪ್ಪಿಸಿದಳು. ಅವನು ಒಂದಕ್ಷರವನ್ನೂ ಬಿಡದೆ ಬರೆದು ಕಳಿಸಿದ. ಪಾಪ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

“ಇನ್ಮೇಲೆ ಬಸ್ಸಲ್ಲಿ ನನ್ ಪಕ್ಕ ಕೂರ್ಬ್ಯಾಡ,” ಅಂದುಬಿಟ್ಟಳು.

ವಾರದ ನಂತರ ಅವನ ಫೋನಿಗೆ ಬಂದ ಉತ್ತರವನ್ನು ತಿಮ್ಮೇಶ ಮನೆಗೇ ತಂದು ತೋರಿಸಿದ: ಸರ್ಟಿಫಿಕೇಟ್ ಬೇಡ, ಸೋಮವಾರ ಬೆಳಿಗ್ಗೆ ಇಂಟರ್‌ವ್ಯೂಗೆ ಬನ್ನಿ. ಹೇಮ ಕುಣಿದಾಡಿದಳು. ಮರುಕ್ಷಣವೇ ಗೌರಿ ನೆನಪಾದಳು. ಮೈಸೂರಿನ ಬಸ್ಸು ಬರುವುದೂ ಗೌರಿಯ ಹಾಲು ಕರೆಯುವುದೂ ಒಂದೇ ಹೊತ್ತಿಗೆ. ಕರೆಯದಿದ್ದರೆ ಕೆಚ್ಚಲು ಬಾತುಕೊಳ್ಳುತ್ತದೆ. ಅಮ್ಮನ ಬಲಗೈಗೆ ಹಾಲು ಕರೆಯುವಷ್ಟು ಶಕ್ತಿ ಇನ್ನೂ ಬಂದಿರಲಿಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದೆಂದೂ ತಿಳಿಯಲಿಲ್ಲ.

ಸೋಮವಾರ ಎದ್ದು, ಸ್ನಾನ ಮಾಡಿ ಬಂದು ನೋಡಿದರೆ ಗೂಟದಲ್ಲಿ ಸೀರೆಯೇ ಇಲ್ಲ. ಕೊಟ್ಟಿಗೆಯಲ್ಲಿ ಚೊರ್ರ್ ಚೊರ್ರ್ ಅಂತ ಸದ್ದು.

ಪ್ಯಾಂಟಿನ ಮೇಲೆ ಹಸಿರು ಸೀರೆ ಸುತ್ತಿಕೊಂಡು, ಸೆರಗು ಹೊದ್ದು ತಿಮ್ಮೇಶ ಹಾಲು ಕರೆಯುತ್ತಿದ್ದ. ಗೌರಿ ನಿಶ್ಚಿಂತೆಯಾಗಿ ಮೆಲುಕು ಹಾಕುತ್ತಿದ್ದಳು.

“ನಾನೇ ಉಡ್ಸಿದ್ದು ಕಣೆ,” ಅಂದಳು ಅಮ್ಮ, ನಗು ತಡೆಯಲಾಗದೆ.

ಡೇರಿಗೆ ಹೊರಟಿದ್ದ ಚಿಕ್ಕಸ್ವಾಮಿ ಬೀದಿಯಿಂದಲೇ ಕೂಗಿದ: “ಏನ್ಲಾ ತಿಮ್ಮೇಶ, ಸೀರೆ ಉಟ್ಕಂಡ್ಬುಟ್ಟಿದ್ದೀಯಾ!”

“ನಕ್ಕೋ ಬುಡಣ್ಣ,” ಅಂದ ತಿಮ್ಮೇಶ. ನೋಡಿದ್ದು ಮಾತ್ರ ನೇರವಾಗಿ ಹೇಮಳ ಕಣ್ಣನ್ನೇ. “ನಾನೇನ್ ಕಳ್ತನ ಮಾಡ್ತಿಲ್ವಲ್ಲ. ಹೇಮನ್ ಮ್ಯಾಲೆ ಮನ್ಸೈತೆ, ಅದ್ಕೆ ಕರೀತಿವ್ನಿ.”

ಚಿಕ್ಕಸ್ವಾಮಿ ನಗು ನಿಲ್ಲಿಸಿ ಡೇರಿ ಕಡೆ ಹೆಜ್ಜೆ ಹಾಕಿದ.

“ಇಷ್ಟು ನಿಜ ಯೋಳಕ್ಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?” ಅಂತ ಗದರಿಸುತ್ತಲೇ ಹೇಮ ಬಗ್ಗಿ, ಜಾರಿದ ಸೆರಗನ್ನು ಅವನ ಹೆಗಲ ಮೇಲೆ ಸರಿಮಾಡಿದಳು. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು.

ಬಾಗಿಲಿನವರೆಗೆ ಓಡಿದವಳು ತಿರುಗಿ ನಿಂತಳು.

“ನಾಳೆಯಿಂದ ಪಕ್ಕದಲ್ಲೇ ಕೂತ್ಕ.”